ದೀಪ ಹಚ್ಚಿದ ಮೇಲೆ ಹೆಪ್ಪಿಲ್ಲ

ಬೆಂಗಳೂರಿನಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರನ್ನಲ್ಲ, ‘ನಿಮ್ಮದು ಯಾವೂರು’ ಎಂದು. ‘ಇದೇ ಊರು’ ಎಂದರೆ ಕೇಳಿದವರಿಗೆ ಸಮಾಧಾನವಿಲ್ಲ. ‘ಅದು ಸರಿ, ಮೂಲ ಯಾವುದು?’ ಎಂದು ಇನ್ನೊಂದು ಸುತ್ತು ಕೆದಕುತ್ತಾರೆ. ಹೀಗೆ ಒಬ್ಬರನ್ನೊಬ್ಬರು ಕೆದಕಿ ಉಗುರು ಸವೆದ ಮೇಲೆ ನಗರ ಆ ಕೆಲಸವನ್ನು ಸರ್ಕಾರಕ್ಕೆ ಒಪ್ಪಿಸಿತು. ಆ ಹೊತ್ತಿಗೆ ನೀರು ಕಡಿಮೆಯಾಗಿ ಜನ ಜಾಸ್ತಿಯಾಗಿದ್ದರು. ಕೊಳಾಯಿ ನೀರು ಬರುವ ಒಳವೃತ್ತದಲ್ಲಿ ಊರಿನವರು ಮಾತ್ರ ಇರತಕ್ಕದ್ದು, ಉಳಿದವರು ಹೊರವೃತ್ತದ ಟ್ಯಾಂಕರ್ ಬಡಾವಣೆಗಳಿಗೆ ಹೋಗತಕ್ಕದ್ದು ಎಂದು ಕಾನೂನಾಯಿತು. ಕಾನೂನು ಬರೆಯುವುದು ಸುಲಭವಿತ್ತು. ಊರಿನವರು ಯಾರು ಎಂದು ಹೇಳುವುದೇ ಕಷ್ಟವಾಯಿತು.

ಮೊದಲು ಭಾಷೆಯ ಪರೀಕ್ಷೆ ಇಟ್ಟರು. ಅಸ್ಸಾಮಿನವರು, ಒಡಿಶಾದವರು, ಬಿಹಾರದವರು ಟ್ಯೂಷನ್ನಿಗೆ ಹೋಗಿ ಒತ್ತಕ್ಷರ ಸಮೇತ ಪಾಸಾದರು. ಇಲ್ಲೇ ಹುಟ್ಟಿದವರ ಮಕ್ಕಳು ‘ಎಪ್ಪತ್ತೊಂಬತ್ತು ಅಂದ್ರೆ ಸೆವೆಂಟಿ ನೈನಾ, ಎಯ್ಟಿ ನೈನಾ’ ಎಂದು ತಡವರಿಸಿ ಫೇಲಾದರು. ಆಮೇಲೆ ರಕ್ತ ಪರೀಕ್ಷೆ ಬಂತು. ಊರಿನ ಪರವಾಗಿ ದಿನಾ ಮೈಕು ಹಿಡಿಯುತ್ತಿದ್ದ ಮುಖಂಡರೊಬ್ಬರ ರಕ್ತದಲ್ಲಿ ಕಾಲುಭಾಗ ಪರ್ಷಿಯಾ, ಕಾಲುಭಾಗ ಬರ್ಮಾ ಸಿಕ್ಕಿತು. ಮಿಕ್ಕರ್ಧ ಏನೆಂದು ನೋಡಲು ಅವರು ಬಿಡಲಿಲ್ಲ. ಮೂಲ ಹುಡುಕಲು ಹೋದ ಸರ್ಕಾರ ಮೂಲವ್ಯಾಧಿ ತಗುಲಿದವರಂತೆ ಕೂರಲೂ ಆಗದೆ ಏಳಲೂ ಆಗದೆ ಒದ್ದಾಡಿತು.

ಆಗ ಬಂದಿದ್ದೇ ಡಾಕ್ಟರ್ ಹರಿಣಾಕ್ಷಿಯ ಊರುಮಾಪಕ.

ಹರಿಣಾಕ್ಷಿ ಜೀವಾಣುಗಳ ವಿಜ್ಞಾನಿ. ಅವಳ ವಾದ ಕೇಳಲು ಚೆನ್ನಾಗಿತ್ತು. ಮನುಷ್ಯ ಯಾರಿಗೆ ಹುಟ್ಟಿದ ಎಂದು ಯಾಕೆ ಕೇಳಬೇಕು? ಎಲ್ಲಿಯ ಅನ್ನ ತಿಂದ, ಎಲ್ಲಿಯ ನೀರು ಕುಡಿದ ಎಂದು ಕೇಳಿದರೆ ಸಾಲದೇ? ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಜೀವಾಣುಗಳು ಸಂಸಾರ ಹೂಡಿರುತ್ತವೆ. ನಾವು ಒಂದು ಊರಿನಲ್ಲಿ ನೆಲೆನಿಂತಂತೆ ಆ ಊರಿನ ಜೀವಾಣುಗಳು ನಮ್ಮೊಳಗೆ ನೆಲೆನಿಲ್ಲುತ್ತವೆ. ಅವು ಬಿಡುವ ಅನಿಲಗಳು ನಮ್ಮ ಉಸಿರಿನಲ್ಲಿ ಹೊರಬರುತ್ತವೆ. ಒಂದು ಕೊಳವೆಗೆ ಊದಿದರೆ ಸಾಕು, ಊರು ನಿಮ್ಮೊಳಗೆ ಎಷ್ಟು ಇಳಿದಿದೆ ಎಂದು ಯಂತ್ರ ನೂರಕ್ಕೆ ಅಂಕ ಕೊಡುತ್ತದೆ. ಐವತ್ತು ದಾಟಿದರೆ ನೀವು ಊರಿನವರು. ಅದಕ್ಕೆ ಜಾತಿ ಬೇಕಿಲ್ಲ, ಮುಖದ ಆಕಾರ ಬೇಕಿಲ್ಲ, ಅಜ್ಜನ ಹೆಸರು ಬೇಕಿಲ್ಲ. ಜನ ಅದಕ್ಕೆ ಹೊಟ್ಟೆಪಾಡಿನ ಪರೀಕ್ಷೆ ಎಂದು ಹೆಸರಿಟ್ಟರು. ಹರಿಣಾಕ್ಷಿಗೆ ಸನ್ಮಾನಗಳಾದವು. ಮನೆಯ ಷೋಕೇಸಿನಲ್ಲಿ ಜಾಗ ಸಾಲದೆ ಶಾಲುಗಳು ಸೋಫಾದ ಹೊದಿಕೆಗಳಾದವು.

ಮೊದಲ ಸುತ್ತಿನ ಪರೀಕ್ಷೆಯಲ್ಲಿ ಎದುರುಮನೆಯ ಬಿದ್ಯಾಧರ್ ಫೇಲಾದ. ಒಡಿಶಾದವನು, ಎಲೆಕ್ಟ್ರಿಷಿಯನ್. ಬೀದಿಯ ಅರ್ಧ ಮನೆಗಳ ಗೀಸರು ಅವನ ಕೈಯಲ್ಲೇ ಬಿಸಿಯಾಗುತ್ತಿದ್ದವು. ಅವನೂ ಅವನ ಹೆಂಡತಿಯೂ ಒಂದು ಲಗೇಜ್ ಆಟೋಗೆ ಮಂಚ, ಮಿಕ್ಸಿ, ತುಳಸಿ ಕುಂಡ ಏರಿಸಿ ಹೋಗುವುದನ್ನು ಹರಿಣಾಕ್ಷಿ ಕಿಟಕಿಯಿಂದ ನೋಡಿದ್ದಳು. ಪಾಪ ಅನ್ನಿಸಿತ್ತು. ಆದರೆ ಯಂತ್ರ ಪಕ್ಷಪಾತ ಮಾಡುವುದಿಲ್ಲವಲ್ಲ ಎಂದು ಕಿಟಕಿಯ ಪರದೆ ಎಳೆದಿದ್ದಳು.

ಎರಡನೆಯ ಸುತ್ತಿನ ಫಲಿತಾಂಶ ಬಂದ ಮಾರನೆಯ ದಿನ ಬೆಳಿಗ್ಗೆ, ಮೆಟ್ಟಿಲ ಮೇಲೆ ಪಕ್ಕದ ಮನೆಯ ಜುನ್ಮೋನಿ ಅಡ್ಡ ನಿಂತಿದ್ದಳು. ಅಸ್ಸಾಮಿನವಳು. ಮದುವೆಯಾಗಿ ಗಂಡನ ಜೊತೆ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು ಸಿಟಿ ಬಸ್ಸು ಓಡಿಸುತ್ತಿದ್ದಳು. ಖಾಕಿ ಯೂನಿಫಾರಂ ಹಾಕಿಕೊಂಡು, ಡಬ್ಬಿಯ ಚೀಲ ಹೆಗಲಿಗೇರಿಸಿಕೊಂಡು, ಮೊಬೈಲನ್ನು ಹರಿಣಾಕ್ಷಿಯ ಮೂಗಿನ ಹತ್ತಿರ ಹಿಡಿದಳು.

“ಅಕ್ಕಾ, ಇದನ್ನ ನೋಡಿ. ಮೈನಾದು ಎಂಬತ್ತೆರಡು. ನಂದು ಹದಿನೇಳು. ಇಬ್ರೂ ಒಂದೇ ಕುಕ್ಕರ್ ಅನ್ನ ತಿಂತೀವಿ, ಒಂದೇ ನಲ್ಲಿ ನೀರು ಕುಡೀತೀವಿ.”

ಮೈನಾ ಅವಳ ಮಗಳು, ಆರನೇ ಕ್ಲಾಸು.

“ಯಾವಾಗ ಊದಿದ್ರಿ? ಹೊಟ್ಟೆಗಿಟ್ಟೆ ಕೆಟ್ಟಿತ್ತಾ?”

“ಹೊಟ್ಟೆ ಕೆಟ್ಟಿರ್ಲಿಲ್ಲ. ಈಗ ತಲೆ ಕೆಟ್ಟಿದೆ. ಮಗಳು ಊರಿನವಳಂತೆ, ಹೆತ್ತವಳು ಹೊರಗಿನವಳಂತೆ! ಆಫೀಸಲ್ಲಿ ಕೇಳಿದ್ರೆ, ನೀವ್ ಹೋಗ್ಬಹುದು, ಮಗೂಗೆ ಹಾಸ್ಟೆಲ್ ಕೊಡ್ತೀವಿ ಅಂತಾರೆ. ತಿಂಗಳ ಕೊನೇಗೆ ಮನೆ ಖಾಲಿ ಮಾಡ್ಬೇಕು.” ಅವಳ ದನಿ ಒಂದು ಕ್ಷಣ ಗೇರು ತಪ್ಪಿತು. “ಮೈನಾನ ಬಿಟ್ಟು ನಾನೆಲ್ಲಿಗೆ ಹೋಗ್ಲಿ ಅಕ್ಕಾ?”

“ಗಾಬರಿ ಆಗ್ಬೇಡಿ ಜುನ್ಮೋನಿ. ನಾನು ನೋಡ್ತೀನಿ. ಮೆಷಿನ್ನು ಸುಮ್‌ಸುಮ್ನೆ ತಪ್ಪು ಹೇಳಲ್ಲ…”

“ಬಿದ್ಯಾಧರ್ ಭಯ್ಯಾಗೂ ಹಿಂಗೇ ಅಂದಿದ್ರಿ” ಎಂದು ಹೇಳಿ ಜುನ್ಮೋನಿ ದಡದಡ ಮೆಟ್ಟಿಲಿಳಿದಳು. ಬಸ್ಸಿಗೆ ನಿಂತವರು ಕಾಯುವುದಿಲ್ಲ. ಅದರಲ್ಲೂ ಅದನ್ನು ಓಡಿಸುವವಳೇ ತಡವಾದರೆ.

ನಗರ ನೆಲೆ ಪ್ರಾಧಿಕಾರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟಗಲ ಒಳವೃತ್ತದ ನಕ್ಷೆಯಿತ್ತು. ಊರಿನವರು ಹಸಿರು ಚುಕ್ಕಿ. ಹೊರಗಿನವರಿಗೆ ಕೆಂಪು ಹಾಕಿದರೆ ಅವಮಾನವಾದೀತೆಂದು ಮಾನವೀಯ ದೃಷ್ಟಿಯಿಂದ ಕಂದು ಬಣ್ಣ ಕೊಟ್ಟಿದ್ದರು. ಹರಿಣಾಕ್ಷಿ ಹಸಿರು ಚುಕ್ಕಿಯೊಂದನ್ನೂ ಕಂದು ಚುಕ್ಕಿಯೊಂದನ್ನೂ ಒತ್ತಿ ದೊಡ್ಡದು ಮಾಡಿದಳು. ತಾಯಿ, ಮಗಳು. ಒಂದೇ ಮನೆಯ ಎರಡು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಒಂದೇ ಕುಕ್ಕರ್ ಅನ್ನ. ಒಂದೇ ನಲ್ಲಿ ನೀರು. ಹಾಗಾದರೆ ಮಗಳ ಹೊಟ್ಟೆಗೆ ಹೋಗಿ ತಾಯಿಯ ಹೊಟ್ಟೆಗೆ ಹೋಗದ್ದು ಯಾವುದು?

ಅವಳು ಯಂತ್ರದ ಲೆಕ್ಕವನ್ನು ಬಿಚ್ಚಿ ಕೂತಳು. ತಾನೇ ಕಟ್ಟಿದ ಯಂತ್ರವಾದರೂ, ಅದು ಕಲಿತ ಮೇಲೆ ಅದರ ತಲೆಯೊಳಗೆ ಇಣುಕಿ ನೋಡಿರಲಿಲ್ಲ. ಮಗ ಕೆಲಸಕ್ಕೆ ಸೇರಿದ ಮೇಲೆ ಅವನ ಬ್ಯಾಗು ತೆಗೆದು ನೋಡುವ ತಾಯಿ ಯಾರಿದ್ದಾರೆ? ನೋಡಿದರೆ, ನೂರಾರು ಜೀವಾಣುಗಳನ್ನು ಪರಿಗಣಿಸಬೇಕಾಗಿದ್ದ ಯಂತ್ರ ತನ್ನ ಭಾರವನ್ನೆಲ್ಲ ಒಂದೇ ಒಂದು ಜೀವಾಣುವಿನ ಮೇಲೆ ಹಾಕಿ ಆರಾಮಾಗಿ ಒರಗಿತ್ತು. ಮದುವೆ ಮನೆಯ ವಾಲಗದಲ್ಲಿ ಡೋಲು ಮಾತ್ರ ಕೇಳಿಸಿದ ಹಾಗೆ. ಆ ಒಂದು ಜೀವಾಣು ಹೊಟ್ಟೆಯಲ್ಲಿದ್ದರೆ ಊರಿನವರು, ಇಲ್ಲದಿದ್ದರೆ ಹೊರಗಿನವರು.

ಅದು ಕೊಳಾಯಿ ನೀರಿನಲ್ಲಿ ಇರಲಿಲ್ಲ. ಮಣ್ಣಿನಲ್ಲೂ ಇರಲಿಲ್ಲ. ಮಾರುಕಟ್ಟೆಯ ಸೊಪ್ಪಿನಲ್ಲೂ ಇರಲಿಲ್ಲ.

ಹುಡುಕಿ ಸುಸ್ತಾಗಿ, ಕೈಯಲ್ಲಿ ಹಿಡಿಯುವಂಥ ಪುಟ್ಟ ಊರುಮಾಪಕವನ್ನು ಬ್ಯಾಗಿಗೆ ಹಾಕಿಕೊಂಡು ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಊಟದ ಮನೆಯಲ್ಲಿ ಅತ್ತೆ ತುಳಜಾಬಾಯಿ ತಟ್ಟೆಯ ಮುಂದೆ ಕೂತು ಮೈನಾಗೆ ಮೊಸರನ್ನ ಕಲಸಿ ಕೊಡುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ತಾಯಿ ಡ್ಯೂಟಿ ಮುಗಿಸಿ ಬರುವ ತನಕ ಮೈನಾ ಇಲ್ಲೇ ಇರುವುದು. ಎಷ್ಟೋ ವರ್ಷಗಳಿಂದ ನಡೆದುಬಂದ ಏರ್ಪಾಡು ಅದು. ಎಷ್ಟು ಸಹಜವಾಗಿ ನಡೆದುಬಂದಿತ್ತೆಂದರೆ ಹರಿಣಾಕ್ಷಿಯ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

“ಅಜ್ಜಿ, ಉಪ್ಪಿನಕಾಯಿ ಮಿಡಿ ದೊಡ್ದು ಹಾಕಿ.”

“ಮಿಡಿ ಅಂದ್ರೇನೇ ಚಿಕ್ಕದು ಕಣೇ. ದೊಡ್ದಾದ್ರೆ ಅದನ್ನ ಮಾವಿನಕಾಯಿ ಅಂತಾರೆ.”

ಹರಿಣಾಕ್ಷಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಸೀದಾ ಹೋಗಿ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು, ಯಂತ್ರದ ಕೊಳವೆಯನ್ನು ಅದರ ಬಾಯಿಗೆ ಹಿಡಿದಳು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಹಸಿರು ದೀಪ ಹತ್ತಿತು. ಮೊಸರಿಗೆ ನೂರಕ್ಕೆ ನೂರು. ‘ಅಭಿನಂದನೆಗಳು, ನೀವು ಈ ಊರಿನವರು’ ಎಂದು ಯಂತ್ರ ಮಧುರ ಕಂಠದಲ್ಲಿ ಪಾತ್ರೆಗೆ ಹೇಳಿತು.

“ಅಗಬಾಯಿ!” ತುಳಜಾಬಾಯಿ ಕೈ ಝಾಡಿಸಿಕೊಂಡು ಎದ್ದರು. “ಮೊಸರಿಗೂ ಪರೀಕ್ಷೇನಾ? ಮುಂದೆ ಒಗ್ಗರಣೆಗೂ ಹಾಲ್ ಟಿಕೆಟ್ ಕೊಡ್ತೀರಾ?”

“ಅತ್ತೆ, ಈ ಹೆಪ್ಪು ನಮ್ಮನೇಗೆ ಎಲ್ಲಿಂದ ಬಂತು?”

“ನಮ್ಮತ್ತೆ ಕೊಟ್ಟಿದ್ದು. ಅವರಿಗೆ ಅವರತ್ತೆ. ತಂಜಾವೂರಿಂದ ಗಂಟುಮೂಟೆ ಕಟ್ಕೊಂಡು ಬಂದಾಗ ಹಿತ್ತಾಳೆ ಚೊಂಬಲ್ಲಿ ಹಾಕಿ, ಬಾಳೆಎಲೆ ಕಟ್ಟಿ, ರೈಲಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದ್ರಂತೆ. ತಂಜಾವೂರಿಗೆ ಮರಾಠಿ ಸೀಮೆಯಿಂದ ಯಾವ ಚೊಂಬಲ್ಲಿ ಹೋಗಿತ್ತೋ ನನಗೆ ಗೊತ್ತಿಲ್ಲಮ್ಮ. ಆವತ್ತಿಂದ ಇವತ್ತಿನವರೆಗೂ ಅದೇ ಹೆಪ್ಪು. ಒಂದು ದಿನ ತಪ್ಪಿಲ್ಲ.”

ಹರಿಣಾಕ್ಷಿಗೆ ನಗು ಬಂತು. ನಗು ಗಂಟಲಲ್ಲೇ ಹುಳಿಯಾಯಿತು. ನಗರದ ಅಪ್ಪಟ ಮೂಲನಿವಾಸಿ ಎಂದು ಅವಳ ಯಂತ್ರ ಹುಡುಕಿಕೊಟ್ಟ ಆ ಒಂದೇ ಒಂದು ಜೀವಿ, ಟಿಕೆಟ್ಟಿಲ್ಲದೆ ರೈಲು ಹತ್ತಿ ಬಂದ ವಲಸೆಗಾರ!

ಆದರೆ ಇವರ ಮನೆಯ ಹೆಪ್ಪು ಯಂತ್ರದ ತಲೆಗೆ ಹೊಕ್ಕಿದ್ದು ಹೇಗೆ? ಅದನ್ನು ಅತ್ತೆಯನ್ನು ಕೇಳಬೇಕಾಗಿರಲಿಲ್ಲ. ಅದು ಅವಳಿಗೇ ಗೊತ್ತಿತ್ತು. ಊರಿನ ಜೀವಾಣುಗಳು ಯಾವುವೆಂದು ಯಂತ್ರಕ್ಕೆ ಪಾಠ ಕಲಿಸಲು ಮೊದಲು ಒಂದಷ್ಟು ಹಳೆಯ ಬೆಂಗಳೂರಿಗರ ಮಲದ ಸ್ಯಾಂಪಲ್ ಬೇಕಿತ್ತು. ಬೆಳಿಗ್ಗೆ ಎದ್ದು ಡಬ್ಬಿಯಲ್ಲಿ ಅಂಥದ್ದನ್ನು ಹಾಕಿ ಕೊಡಿ ಎಂದರೆ ಅಪರಿಚಿತರಿಗೆ ಯಾರು ಕೊಡುತ್ತಾರೆ? ಬೀದಿ ಬೀದಿ ಅಲೆದರೂ ಬಾಗಿಲು ತೆರೆದವರಿಲ್ಲ. ಕೊನೆಗೆ ತುಳಜಾಬಾಯಿಯವರೇ ದೊಡ್ಡ ಮನಸ್ಸು ಮಾಡಿ, ‘ನಮ್ಮ ಸೊಸೆಯ ಓದಿಗೆ ಬೇಕಂತೆ’ ಎಂದು ತಮ್ಮ ಭಜನಾ ಮಂಡಳಿಯವರಿಗೆ ಹೇಳಿದ್ದರು. ನಾಚಿಕೊಂಡು, ನಕ್ಕು, ಪೇಪರಿನಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡು ಹಾಕಿ ಮಂಡಳಿಯವರೂ ಅವರ ಮನೆಮಂದಿಯೂ ಡಬ್ಬಿ ತಂದುಕೊಟ್ಟಿದ್ದರು. ಆ ಮಂಡಳಿಯ ಅಷ್ಟೂ ಮನೆಗಳ ಮೊಸರು ಹೆಪ್ಪಾಗುವುದು ತುಳಜಾಬಾಯಿಯ ಪಾತ್ರೆಯಿಂದ. ಅವರ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬಡಾವಣೆಗೆ ಹೋದರೆ ಹೆಪ್ಪೂ ಜೊತೆಗೆ ಹೋಗುತ್ತದೆ. ಹೀಗೆ ಒಳವೃತ್ತದ ಬೀದಿಬೀದಿಗೆ ಆ ಮೊಸರು ಹಬ್ಬಿತ್ತು. ಯಂತ್ರ ನಗರವನ್ನು ಕಲಿತಿರಲಿಲ್ಲ. ಒಂದು ಭಜನಾ ಮಂಡಳಿಯನ್ನು ಬಾಯಿಪಾಠ ಮಾಡಿಕೊಂಡಿತ್ತು.

ಪ್ಯಾಕೆಟ್ ಮೊಸರು ತಿನ್ನುವ ಎಷ್ಟೋ ಹಳಬರು ಕೂಡ ಫೇಲಾಗಿದ್ದು ಅವಳಿಗೆ ಈಗ ಅರ್ಥವಾಯಿತು. ಆದರೆ ಅವರು ಫೇಲಾದಾಗ ‘ಮೆಷಿನ್ ಕೆಟ್ಟಿದೆ’ ಎಂದು ಅವರಿಗೆ ಕೂಡಲೇ ಮರುಪರೀಕ್ಷೆ ಸಿಕ್ಕಿತ್ತು, ಅದರಲ್ಲಿ ಎಲ್ಲರೂ ಹೇಗೋ ಪಾಸಾಗಿದ್ದರು. ಬಿದ್ಯಾಧರ್ ಫೇಲಾದಾಗ ಮೆಷಿನ್ ಸರಿಯಾಗಿತ್ತು.

“ಅತ್ತೆ, ಹೆಪ್ಪು ಕೇಳ್ಕೊಂಡು ಬಂದವರಿಗೆ ಕೊಡ್ತೀರಲ್ಲ? ಯಾರಿಗಾದ್ರೂ?”

“ಕೊಡದೆ ಏನು? ಹೆಪ್ಪಿಗೂ ಬೆಂಕಿಗೂ ಜಾತಿ ಇಲ್ಲ. ಮಧ್ಯಾಹ್ನ ಬಂದು ಯಾರೇ ಕೇಳ್ಲಿ, ಕೊಡ್ತೀನಿ. ದೀಪ ಹಚ್ಚಿದ್ಮೇಲೆ ಮಾತ್ರ ಇಲ್ಲ. ಆ ಹೊತ್ನಲ್ಲಿ ಮೊಸರು ಹೊಸ್ತಿಲು ದಾಟಿದ್ರೆ ಲಕ್ಷ್ಮೀನೂ ಹಿಂದೇ ಹೋಗ್ತಾಳೆ. ಅದು ನಿಂಗೂ ಗೊತ್ತಲ್ಲ.”

ಗೊತ್ತಿತ್ತು. ಮಧ್ಯಾಹ್ನ ಮನೆಯಲ್ಲಿರುವವರು ಯಾರು ಎಂಬುದೂ ಗೊತ್ತಿತ್ತು. ಬೆಳಿಗ್ಗೆ ಹೋಗಿ ದೀಪ ಹಚ್ಚಿದ ಮೇಲೆ ಬರುವವರು ಯಾರು? ಬಸ್ಸು ಓಡಿಸುವವರು, ತಂತಿ ಎಳೆಯುವವರು, ಕಟ್ಟಡ ಕಟ್ಟುವವರು, ಆಸ್ಪತ್ರೆಯ ಪಾಳಿ ಮುಗಿಸುವವರು. ದೂರದಿಂದ ಬಂದು ಈ ಊರಿನ ಕೆಲಸಕ್ಕೆ ಸೇರಿದವರು. ಕೆಲಸ ಮುಗಿಯುವಾಗ ಊರಿನ ಬಾಗಿಲುಗಳಲ್ಲಿ ದೀಪ ಹತ್ತಿರುತ್ತಿತ್ತು. ಹತ್ತಿದ ಪ್ರತಿ ದೀಪವೂ ಅವರಿಗೆ ಬಾಗಿಲು ಹಾಕಿತ್ತು.

ಒಬ್ಬರು ಊರಿನಲ್ಲಿ ಎಷ್ಟು ವರ್ಷ ಬಾಳಿದರು ಎಂಬುದನ್ನು ತನ್ನ ಯಂತ್ರ ಅಳೆದಿರಲಿಲ್ಲ. ಅಕ್ಕಪಕ್ಕದವರು ಅವರನ್ನು ಒಳಗೆ ಬಿಟ್ಟುಕೊಂಡರೋ ಇಲ್ಲವೋ ಎಂಬುದನ್ನು ಅಳೆದಿತ್ತು. ಬಾಗಿಲು ಹಾಕಿಕೊಂಡವರಿಗೆ ಪೂರ್ತಿ ಅಂಕ, ಹೊರಗೆ ನಿಂತವರಿಗೆ ಗಡೀಪಾರು.

ಪ್ರಾಧಿಕಾರದ ಆಯುಕ್ತ ಚಿಕ್ಕಮುದ್ದಯ್ಯ ಊದಿದಾಗ ತೊಂಬತ್ತನಾಲ್ಕು ಬಂದಿತ್ತು. ಆ ಅಂಕವನ್ನು ಫ್ರೇಮು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಹರಿಣಾಕ್ಷಿ ಹೇಳಿದ್ದನ್ನೆಲ್ಲ ಅವರು ಪೂರ್ತಿ ಕೇಳಿದರು.

“ಅಂದ್ರೆ ಮೇಡಂ, ನಾನು ಊರಿನವನಲ್ಲ, ಮೊಸರಿನವನು ಅಂತೀರಿ.”

“ನಿಮ್ಮ ಮನೇಲಿ ಹೆಪ್ಪು ಯಾರು ಕೊಟ್ಟಿದ್ದು ಸರ್?”

“ನಮ್ಮತ್ತಿಗೆ. ಅವ್ರು ನಿಮ್ಮ ಬಡಾವಣೆ ಕಡೆಯವ್ರೇ.” ಅವರು ನಕ್ಕು ಮುಂದಕ್ಕೆ ಬಾಗಿದರು. “ನೋಡಿ ಮೇಡಂ. ಆ ಒಂದು ಹುಳ ತೆಗೆದುಹಾಕಿ ಲೆಕ್ಕ ಮಾಡಿದ್ರೆ ಏನ್ ಬರುತ್ತೆ?”

“ಏನೂ ಬರಲ್ಲ. ಎಲ್ರೂ ಹೆಚ್ಚೂಕಮ್ಮಿ ಒಂದೇ.”

“ಹಂಗಂತ ನಾನು ಹೊರಗೆ ಹೇಳಕ್ಕಾಗುತ್ತಾ? ಮೊದಲನೇ ಸುತ್ತಲ್ಲಿ ಹೋದವ್ರ ಮನೆಗಳಿಗೆ ಬೇರೆಯವರು ಬಂದು ಹಾಲುಕ್ಕಿಸಿಯಾಗಿದೆ. ವಾಪಸ್ ಬನ್ನಿ ಅಂದ್ರೆ ಎಲ್ಲಿಗೆ ಬರ್ತಾರೆ? ಇದು ಹಾಲು ಒಡೆದಂಗೆ ಮೇಡಂ. ಮತ್ತೆ ಕಾಯಿಸಿದ್ರೆ ಹಾಲಾಗಲ್ಲ.” ದನಿ ತಗ್ಗಿಸಿದರು. “ನಿಮ್ಮ ಪಕ್ಕದ ಮನೆ ಹೆಣ್ಣುಮಗಳ ವಿಷಯ ಅಲ್ವಾ ನಿಮಗೆ ಬೇಜಾರಾಗಿರೋದು? ಅವಳೊಬ್ಬಳಿಗೆ ಮರುಪರೀಕ್ಷೆ ಹಾಕ್ಸ್ತೀನಿ. ಅಷ್ಟರೊಳಗೆ ನಿಮ್ಮತ್ತೆ ಕೈಯಿಂದ ನಾಕು ದಿನ ಮೊಸರನ್ನ ತಿನ್ನಿಸಿ. ಮುಗೀತಲ್ಲ?”

ಹರಿಣಾಕ್ಷಿ ಎದ್ದು ನಿಂತು ಕೂಗಬೇಕಾಗಿತ್ತು. ಕೂಗಲು ಅವಳ ಬಾಯಲ್ಲಿ ಮಾತುಗಳೂ ಸಿದ್ಧವಾಗಿದ್ದವು. ಆದರೆ ಒಳಗೆ ಎಲ್ಲೋ ಒಂದು ಗಂಟು ‘ಸದ್ಯ’ ಎಂದು ಸಡಿಲವಾಯಿತು. ಯಂತ್ರ ಉಳಿಯುತ್ತದೆ. ಹೆಸರು ಉಳಿಯುತ್ತದೆ. ಜುನ್ಮೋನಿಯೂ ಉಳಿಯುತ್ತಾಳೆ.

ಅವಳು ತಲೆಯಾಡಿಸಿದಳು. ಹೊರಗೆ ಬಂದು ಲಿಫ್ಟಿನ ಕನ್ನಡಿ ನೋಡಿದಾಗ ಆ ತಲೆ ಇನ್ನೂ ಆಡುತ್ತಲೇ ಇದೆ ಅನ್ನಿಸಿತು.

ಸಂಜೆ ಮನೆಗೆ ಬಂದಾಗ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ತುಳಜಾಬಾಯಿ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದರು. ಹರಿಣಾಕ್ಷಿ ಕಳ್ಳಿಯಂತೆ ಅಡುಗೆಮನೆಗೆ ಹೋಗಿ ಸ್ಟೀಲಿನ ಬಟ್ಟಲಿಗೆ ಮೊಸರು ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಜುನ್ಮೋನಿ ಆಗತಾನೆ ಡ್ಯೂಟಿಯಿಂದ ಬಂದಿದ್ದಳು. ಯೂನಿಫಾರಂ ಬಿಚ್ಚಿರಲಿಲ್ಲ. ಒಳಗೆ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಯೊಂದರ ಮೇಲೆ ಮೈನಾ ಹೋಂವರ್ಕ್ ಬರೆಯುತ್ತಿದ್ದಳು.

“ಏನಕ್ಕಾ ಇದು?”

“ಹೆಪ್ಪು. ನಿಮಗೇ ಅಂತ ತಂದೆ.”

ಜುನ್ಮೋನಿ ಬಟ್ಟಲನ್ನು ನೋಡಿದಳು. ಹರಿಣಾಕ್ಷಿಯ ಹಿಂದೆ, ತೆರೆದ ಬಾಗಿಲಿನಾಚೆ, ದೇವರ ಮನೆಯ ಬೆಳಕನ್ನು ನೋಡಿದಳು.

“ದೀಪ ಹಚ್ಚಾಯ್ತಲ್ಲಾ ಅಕ್ಕಾ?”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಯಾವುದೋ ಕಾಲದಲ್ಲಿ ಬಟ್ಟಲು ಹಿಡಿದು ಬಂದಾಗ ಅದೇ ಬಾಗಿಲಲ್ಲಿ ತನಗೆ ಹೇಳಿಕೊಟ್ಟ ನಿಯಮವನ್ನು ಅವಳು ಹೇಳಿದವರಿಗೇ ನೆನಪಿಸಿದ್ದಳು, ಅಷ್ಟೆ. ಹೇಳಿಕೊಟ್ಟವರು ತುಳಜಾಬಾಯಿಯಲ್ಲ. ಹರಿಣಾಕ್ಷಿಗೆ ಆ ನಿಯಮದಲ್ಲಿ ನಂಬಿಕೆಯೂ ಇರಲಿಲ್ಲ. ಆವತ್ತು ಅಡುಗೆಮನೆಯ ತನಕ ಎದ್ದುಹೋಗಲು ಬೇಸರವಾಗಿತ್ತು. ನಂಬಿಕೆ ಅತ್ತೆಯದು, ಸೋಮಾರಿತನ ಸೊಸೆಯದು. ಜುನ್ಮೋನಿ ಆಮೇಲೆ ಎಂದೂ ಕೇಳಿರಲಿಲ್ಲ. ಡಿಪೋ ಎದುರಿನ ಅಂಗಡಿಯಲ್ಲಿ ಪ್ಯಾಕೆಟ್ ಮೊಸರು ಸಿಗುತ್ತಿತ್ತು.

ಹರಿಣಾಕ್ಷಿ ಎಲ್ಲವನ್ನೂ ಹೇಳಿದಳು. ಭಜನಾ ಮಂಡಳಿ, ಡಬ್ಬಿಗಳು, ತಂಜಾವೂರಿನ ಚೊಂಬು, ಮೈನಾಳ ಮೊಸರನ್ನ.

“ಇದನ್ನ ಆಫೀಸಲ್ಲಿ ಹೇಳಿದ್ರಾ?”

“ಹೇಳಿದೆ.”

“ಏನಂದ್ರು?”

“ನಿಮಗೊಬ್ಬರಿಗೆ ಮರುಪರೀಕ್ಷೆ ಕೊಡ್ತೀವಿ ಅಂದ್ರು.”

“ನೀವೇನಂದ್ರಿ?”

ಹರಿಣಾಕ್ಷಿ ಮೈನಾ ಕಡೆ ನೋಡಿದಳು, ಪೆಟ್ಟಿಗೆಗಳ ಕಡೆ ನೋಡಿದಳು. “ತಲೆ ಆಡಿಸಿದೆ.”

ಜುನ್ಮೋನಿ ಬಟ್ಟಲನ್ನು ಮೆಲ್ಲಗೆ ಹರಿಣಾಕ್ಷಿಯ ಕಡೆಗೇ ತಳ್ಳಿದಳು.

“ತಗೊಂಡ್ಹೋಗಿ ಅಕ್ಕಾ. ನಮ್ಮ ಡಿಪೋದಲ್ಲಿ ಮಣಿಪುರದೋರಿದ್ದಾರೆ, ಜಾರ್ಖಂಡ್‌ನೋರಿದ್ದಾರೆ, ರಾಯಚೂರಿನೋರೂ ಇದ್ದಾರೆ. ಎಲ್ರಿಗೂ ಹತ್ತು, ಹನ್ನೆರಡು, ಹದಿನೈದು ಬಂದಿದೆ. ನಾನೊಬ್ಳೇ ಪಾಸಾಗಿ ನಾಳೆ ಬೆಳಿಗ್ಗೆ ಅವರ ಮಧ್ಯ ಹೆಂಗೆ ಹೋಗಿ ನಿಂತ್ಕೊಳ್ಲಿ? ನೀವ್ ನಿಂತ್ಕೊತೀರಾ?”

“ಮೈನಾಗೋಸ್ಕರ ಆದ್ರೂ…”

“ಮೈನಾ ಹೆಸ್ರು ಹೇಳ್ಬೇಡಿ!” ಮೊದಲ ಸಲ ಅವಳ ದನಿ ಏರಿತು. ಹೋಂವರ್ಕಿನ ಪೆನ್ಸಿಲು ನಿಂತಿತು. ಜುನ್ಮೋನಿ ದನಿ ತಗ್ಗಿಸಿದಳು. “ಕೊಡೋದಾದ್ರೆ ಡ್ಯೂಟಿ ಮುಗಿಸಿ ಬರೋರಿಗೆಲ್ಲಾ ಕೊಡಿ. ನಾನೂ ಆ ಸಾಲಲ್ಲಿ ನಿಂತ್ಕೊಂಡು ತಗೋತೀನಿ. ಇಲ್ಲಾಂದ್ರೆ ಬೇಡ.”

ಹರಿಣಾಕ್ಷಿ ಬಟ್ಟಲಿನ ಕಡೆ ನೋಡಿದಳು. ಅವಳೊಳಗಿನ ವಿಜ್ಞಾನಿ ಲೆಕ್ಕ ಹಾಕಿ ಮುಗಿಸಿದ್ದಳು. ಡಿಪೋಗೆ ಹೋದ ಹೆಪ್ಪು ಡಿಪೋದಲ್ಲೇ ನಿಲ್ಲುವುದಿಲ್ಲ. ಅಲ್ಲಿಂದ ಆಸ್ಪತ್ರೆಗೆ, ಕಟ್ಟಡಗಳ ಶೆಡ್ಡುಗಳಿಗೆ, ಬಾಡಿಗೆ ಕೋಣೆಗಳಿಗೆ ಹೋಗುತ್ತದೆ. ಹೆಪ್ಪಿನ ಗುಣವೇ ಅದು, ಒಂದು ಚಮಚ ಕೊಟ್ಟರೆ ಒಂದು ಪಾತ್ರೆಯಾಗುತ್ತದೆ. ಮನೆ ಖಾಲಿ ಮಾಡಿಸುವ ಮುಂಚೆ ಎಲ್ಲರೂ ಇನ್ನೊಮ್ಮೆ ಊದಬೇಕಾದ ಕೊನೆಯ ಸುತ್ತಿನ ಪರೀಕ್ಷೆಯ ಹೊತ್ತಿಗೆ ನಕ್ಷೆಯಲ್ಲಿ ಕಂದು ಚುಕ್ಕಿ ಉಳಿಯುವುದಿಲ್ಲ. ಎಲ್ಲರೂ ಊರಿನವರೆಂದು ಹೇಳುವ ಊರುಮಾಪಕವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಯಂತ್ರವೂ ಹೋಗುತ್ತದೆ, ಹೆಸರೂ ಹೋಗುತ್ತದೆ, ಸೋಫಾದ ಮೇಲೆ ಶಾಲುಗಳು ಮಾತ್ರ ಉಳಿಯುತ್ತವೆ.

“ನಾಳೆ ಸಂಜೆ ಕರ್ಕೊಂಡು ಬನ್ನಿ” ಎಂದಳು. “ಎಲ್ರನ್ನೂ.”

ಒಪ್ಪಿಕೊಂಡಿದ್ದೇನೋ ಆಯಿತು, ತುಳಜಾಬಾಯಿಯನ್ನು ಒಪ್ಪಿಸಬೇಕಾಗಿತ್ತು. ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ನಂಬಿದವರಿಗೆ ಜೀವಾಣುವಿನ ಪಾಠ ಹೇಳಿದರೆ ಆಗುವುದಿಲ್ಲ. ಹರಿಣಾಕ್ಷಿ ಅಡುಗೆಮನೆಯ ನೆಲದ ಮೇಲೆ ಕೂತು, ತಾನು ಮಾಡಿದ್ದನ್ನೂ ಆಗಿದ್ದನ್ನೂ ನೇರವಾಗಿ ಹೇಳಿದಳು. ತಲೆಯಾಡಿಸಿದ್ದನ್ನೂ ಬಿಡಲಿಲ್ಲ.

ತುಳಜಾಬಾಯಿ ಹಾಲು ಕಾಯಿಸುತ್ತಿದ್ದವರು ಒಲೆ ಆರಿಸಿದರು.

“ಹಾಗಾದ್ರೆ ಆ ಬಿದ್ಯಾಧರ್‌ನ ಊರು ಬಿಡಿಸಿದ್ದು ನನ್ನ ದೀಪವೇನೇ?”

“ಅಲ್ಲ ಅತ್ತೆ. ನನ್ನ ಯಂತ್ರ.”

“ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ. ನಾನು ಬತ್ತಿ ಹೊಸೆದೆ, ನೀನು ಎಣ್ಣೆ ಹಾಕ್ದೆ.” ಅವರು ಕಾದ ಹಾಲನ್ನೇ ನೋಡುತ್ತಾ ನಿಂತರು. “ವರ್ಷಕ್ಕೊಂದ್ಸಲ ಗೀಸರ್ ರಿಪೇರಿಗೆ ಬಂದಾಗ ಅವನು ‘ಮಾಸಿ, ನಿಮ್ಮನೆ ಮಜ್ಜಿಗೆ ಚೆನ್ನಾಗಿರತ್ತೆ’ ಅಂತಿದ್ದ. ಒಂದು ಲೋಟ ಕುಡಿದು ಹೋಗ್ತಿದ್ದ. ಕೆಲಸ ಮುಗಿದ್ಮೇಲೆ ಹೆಪ್ಪು ತಗೊಂಡು ಹೋಗು ಅಂತ ನಂಗೆ ಹೊಳೀಲೇ ಇಲ್ಲ.”

ಆಮೇಲೆ ಮೂಗು ಒರೆಸಿಕೊಂಡು, ಭಜನಾ ಮಂಡಳಿಯ ಅಧ್ಯಕ್ಷೆಯ ಠೀವಿಯನ್ನು ತಂದುಕೊಂಡರು.

“ದೀಪ ಹಚ್ಚಿದ್ಮೇಲೆ ಕೊಡಬಾರ್ದು ಅನ್ನೋದು ಪದ್ಧತಿ. ಅದನ್ನ ನಾನು ಮುರಿಯಲ್ಲ, ನೀನು ತಲೆಕೆಳಗಾಗಿ ನಿಂತ್ರೂ ಮುರಿಯಲ್ಲ. ಆದ್ರೆ ದೀಪಾನ ಎಷ್ಟೊತ್ತಿಗೆ ಹಚ್ಬೇಕು ಅಂತ ನನ್ನ ಕೇಳೋರು ಯಾರು? ಎಲ್ರೂ ಬರ್ಲಿ. ಆಮೇಲೆ ಹಚ್ತೀನಿ.”

ಇಷ್ಟೇ ಸಾಕಿತ್ತು ಎಂದು ಹರಿಣಾಕ್ಷಿಗೆ ಅನ್ನಿಸಿತು. ಇಷ್ಟು ವರ್ಷ, ಒಂದಿಷ್ಟು ತಡವಾಗಿ ದೀಪ ಹಚ್ಚಿದ್ದರೆ ಸಾಕಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಮಾರನೆಯ ಸಂಜೆ ಬೀದಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ತುಳಜಾಬಾಯಿ ದೇವರ ಮುಂದೆ ಕತ್ತಲಲ್ಲಿ, ಮಡಿಲಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಹೊಸ್ತಿಲಲ್ಲಿ ಹರಿಣಾಕ್ಷಿ ಮೊಸರಿನ ದೊಡ್ಡ ಪಾತ್ರೆ, ಚಮಚ ಹಿಡಿದು ನಿಂತಿದ್ದಳು. ಡಿಪೋದವರು ಮೆಟ್ಟಿಲ ತುಂಬ ಸಾಲುಗಟ್ಟಿದ್ದರು. ಕೈಯಲ್ಲಿ ಟಿಫಿನ್ ಡಬ್ಬಿ, ಫ್ಲಾಸ್ಕಿನ ಮುಚ್ಚಳ, ಕಾಗದದ ಲೋಟ. ಒಬ್ಬ ಕಂಡಕ್ಟರು ‘ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಇದೆ’ ಎಂದು ಅಭ್ಯಾಸಬಲದಿಂದ ಕೂಗಿದ. ಎಲ್ಲರೂ ನಕ್ಕರು. ಸಾಲಿನ ನಡುವೆ ಯೂನಿಫಾರಮ್ಮಿನಲ್ಲಿ ನಿಂತಿದ್ದ ಜುನ್ಮೋನಿಯೂ ನಕ್ಕಳು. ಅವಳ ಸರದಿ ಬಂದಾಗ ಬಟ್ಟಲು ಚಾಚಿದಳು. ಹರಿಣಾಕ್ಷಿ ಒಂದು ಚಮಚ ಹಾಕಿದಳು, ಇನ್ನೊಂದು ಹಾಕಲು ಹೋದಳು.

“ಎಲ್ರಿಗೂ ಒಂದೇ ಅಕ್ಕಾ” ಎಂದು ಜುನ್ಮೋನಿ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು.

ಕೊನೆಯವರೂ ತೆಗೆದುಕೊಂಡು ಹೋದರು. ಮೆಟ್ಟಿಲು ಖಾಲಿಯಾಯಿತು. ಪಾತ್ರೆಯ ತಳದಲ್ಲಿ ಒಂದಿಷ್ಟು ಹೆಪ್ಪು ಉಳಿದಿತ್ತು. ಹರಿಣಾಕ್ಷಿ ಅದನ್ನು ಪುಟ್ಟ ಬಟ್ಟಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು.

ಒಳಗಿನ ಕತ್ತಲಿನಿಂದ ತುಳಜಾಬಾಯಿ ಕೇಳಿದರು. “ಎಲ್ಲಾ ಬಂದ್ರೇನೇ? ದೀಪ ಹಚ್ಲಾ?”

ಎದುರುಮನೆಗೆ ಬಂದ ಹೊಸಬರು ಬಾಲ್ಕನಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ತುಳಸಿ ಕುಂಡವಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಹಾಗೇ ಉಳಿದಿತ್ತು.

“ಇನ್ನೂ ಇಲ್ಲ ಅತ್ತೆ” ಎಂದಳು ಹರಿಣಾಕ್ಷಿ.